ಬೆಳ್ಳಿ ಹೋಯಿತು, ಹಿಮ ಬಂತು: ಒಂದು ಗಣಿಯೂರಿನ ಆಟದ ಚರಿತ್ರೆ

(ಉಪನ್ಯಾಸವೊಂದರ ಬರಹರೂಪ)



ಇತಿಹಾಸವೆಂದರೆ ಪಟ್ಟಾಭಿಷೇಕ, ಯುದ್ಧ, ಒಪ್ಪಂದಗಳ ಪಟ್ಟಿ ಎಂದು ಶಾಲೆಯಲ್ಲಿ ಕಲಿತವರಿಗೆ ‘ಆಟದ ಇತಿಹಾಸ’ ಎಂಬ ಮಾತು ಕೊಂಚ ಹಗುರವೆನಿಸಬಹುದು. ದುಡಿದು ದಣಿದವರು ಸಂಜೆ ಹೊತ್ತು ಏನು ಮಾಡಿ ಬೇಸರ ಕಳೆದರು ಎಂಬುದರಲ್ಲಿ ಬರೆದಿಡುವಂಥದ್ದು ಏನಿದೆ ಎಂದು ಕೇಳಬಹುದು. ಆದರೆ ಅಮೆರಿಕದ ಕೊಲರಾಡೊ ರಾಜ್ಯದ ಪರ್ವತಗಳ ನಡುವೆ ಒಂದು ಊರಿದೆ. ಆ ಊರು ಹುಟ್ಟಿದ್ದು ಬೆಳ್ಳಿಯ ಗಣಿಯಿಂದ, ಉಳಿದದ್ದು ಆಟದಿಂದ. ಗಣಿ ಮುಚ್ಚಿದ ಎಷ್ಟೋ ಊರುಗಳು ಅದೇ ಪರ್ವತಗಳಲ್ಲಿ ಹಾಳುಬಿದ್ದಿವೆ. ಈ ಊರು ಮಾತ್ರ ಇಂದು ಜಗತ್ತಿನ ಸಿರಿವಂತರು ಚಳಿಗಾಲ ಕಳೆಯಲು ಹೋಗುವ ಜಾಗ. ಅದರ ಹೆಸರು ಆಸ್ಪೆನ್.

ಆ ಊರಿನ ಆಟಗಳ ಜಾಡು ಹಿಡಿದು ಹೋದರೆ ಅಚ್ಚರಿಯ ಸಂಗತಿಯೊಂದು ಸಿಗುತ್ತದೆ. ಅಲ್ಲಿನ ಬೆಳ್ಳಿಯ ಬದುಕು ಕುಸಿದುಬೀಳಲು ಸಿಮ್ಲಾದಲ್ಲಿ ಕೈಗೊಂಡ ಒಂದು ತೀರ್ಮಾನವೂ ಕಾರಣ. ನಮ್ಮ ಅಜ್ಜ, ಮುತ್ತಜ್ಜಂದಿರ ಸೊಂಟದ ಚೀಲದಲ್ಲಿದ್ದ ಬೆಳ್ಳಿಯ ರೂಪಾಯಿಗೂ ಆ ದೂರದ ಊರಿಗೂ ನಂಟಿತ್ತು. ಆ ವಿಷಯಕ್ಕೆ ಬರುವ ಮುಂಚೆ ಊರು ಹುಟ್ಟಿದ ಬಗೆಯನ್ನು ನೋಡಬೇಕು.

ಕುದುರೆ ಓಟದ ಬಯಲು

ರಾಕಿ ಪರ್ವತ ಶ್ರೇಣಿಯ ನಡುವೆ ಹರಿಯುವ ರೋರಿಂಗ್ ಫೋರ್ಕ್ ಎಂಬ ನದಿಯ ಕಣಿವೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿ ಆಸ್ಪೆನ್ ಇದೆ. ಬಿಳಿಯರು ಬರುವ ಮೊದಲು ಇದು ಯೂಟ್ ಎಂಬ ಬುಡಕಟ್ಟಿನವರ ಬೇಸಿಗೆಯ ಬೇಟೆಯ ನೆಲ. ಯೂಟರಿಗೆ ಕುದುರೆ ಎಂದರೆ ಜೀವ. ಕುದುರೆ ಓಟದ ಪಂದ್ಯ ಅವರ ದೊಡ್ಡ ಸಂಭ್ರಮ.

1879ರಲ್ಲಿ ಆಸ್ಪೆನ್‌ನಿಂದ ವಾಯವ್ಯಕ್ಕಿದ್ದ ವೈಟ್ ರಿವರ್ ಠಾಣ್ಯದಲ್ಲಿ ನೇಥನ್ ಮೀಕರ್ ಎಂಬ ಸರ್ಕಾರಿ ಅಧಿಕಾರಿಯಿದ್ದ. ಯೂಟರನ್ನು ಬೇಸಾಯಗಾರರನ್ನಾಗಿ ಮಾಡುವುದೇ ತನ್ನ ಧರ್ಮ ಎಂದು ನಂಬಿದ್ದವನು. ಕುದುರೆ ಓಟದ ಹುಚ್ಚು ಇರುವತನಕ ಇವರು ನೇಗಿಲು ಹಿಡಿಯುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಅವರು ಕುದುರೆ ಮೇಯಿಸುತ್ತಿದ್ದ, ಓಡಿಸುತ್ತಿದ್ದ ಬಯಲನ್ನೇ ಉಳಿಸಿಬಿಟ್ಟ. ಜಗಳ ಹೊತ್ತಿತು, ಸೈನ್ಯ ಬಂತು. ಮೀಕರ್ ಮತ್ತು ಅವನ ಸಿಬ್ಬಂದಿ ಹತರಾದರು. ‘ಯೂಟರು ತೊಲಗಲಿ’ ಎಂಬ ಕೂಗು ರಾಜ್ಯವೆಲ್ಲ ಹಬ್ಬಿತು. ಆ ಕೂಗಿಗೆ ದನಿಗೂಡಿಸಿದವರಲ್ಲಿ ರಾಜ್ಯಪಾಲ ಫ್ರೆಡರಿಕ್ ಪಿಟ್ಕಿನ್ ಮುಂದಿದ್ದ. 1881ರಲ್ಲಿ ಸೈನ್ಯದ ಕಾವಲಿನಲ್ಲಿ ಯೂಟರನ್ನು ನೆರೆಯ ಯೂಟಾಕ್ಕೆ ಅಟ್ಟಲಾಯಿತು. ಆಸ್ಪೆನ್ ಇರುವ ಜಿಲ್ಲೆಗೆ ಇಂದಿಗೂ ಪಿಟ್ಕಿನ್‌ನ ಹೆಸರೇ ಇದೆ.

ಈ ಕಣಿವೆಯಲ್ಲಿ ಬಿಳಿಯರ ಊರು ಬೇರುಬಿಟ್ಟ ಕಾಲದ ಕತೆಯಲ್ಲಿ ಒಂದು ಆಟದ ಬಯಲನ್ನು ಕಿತ್ತುಕೊಂಡ ಅಧ್ಯಾಯವೂ ಇದೆ ಎಂಬುದನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಸುತ್ತಿಗೆಯ ಪಂದ್ಯ

ಅದೇ 1879ರ ಬೇಸಿಗೆಯಲ್ಲಿ, ಪೂರ್ವಕ್ಕಿದ್ದ ಲೆಡ್‌ವಿಲ್ ಎಂಬ ಗಣಿಯೂರಿನಿಂದ ಅದಿರು ಹುಡುಕುವವರು ಹನ್ನೆರಡು ಸಾವಿರ ಅಡಿ ಎತ್ತರದ ಕಣಿವೆದಾರಿ ದಾಟಿ ಇಲ್ಲಿಗಿಳಿದರು. ಬೆಟ್ಟದಲ್ಲಿ ಬೆಳ್ಳಿ ಕಂಡಿತು. ಡೇರೆಗಳೆದ್ದವು. ಊರಿಗೆ ಮೊದಲು ಇಟ್ಟ ಹೆಸರು ‘ಯೂಟ್ ಸಿಟಿ’. ಮರುವರ್ಷ ಅದನ್ನು ಅಳಿಸಿ, ಸುತ್ತ ಬೆಳೆಯುವ ಮರವೊಂದರ ಹೆಸರಿನಲ್ಲಿ ‘ಆಸ್ಪೆನ್’ ಎಂದು ಕರೆದರು.

ಮೊದಲ ಎಂಟು ವರ್ಷ ಅದಿರು ಹೇಸರಗತ್ತೆ, ಕತ್ತೆಗಳ ಬೆನ್ನಮೇಲೆ ಬೆಟ್ಟ ದಾಟುತ್ತಿತ್ತು. 1887ರಲ್ಲಿ ರೈಲು ಬಂತು. ಅಲ್ಲಿಂದ ಮುಂದೆ ಹಿಡಿಯುವವರಿಲ್ಲ. 1890ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 5,108. ಮರುವರ್ಷ ಬೆಳ್ಳಿಯ ಉತ್ಪಾದನೆಯಲ್ಲಿ ಆಸ್ಪೆನ್ ಲೆಡ್‌ವಿಲ್ಲನ್ನೂ ಹಿಂದೆ ಹಾಕಿ ದೇಶಕ್ಕೇ ಮೊದಲಾಯಿತು.

ನೆಲದಡಿಯಲ್ಲಿ ದಿನವಿಡೀ ಮೇಣದ ಬತ್ತಿಯ ಬೆಳಕಿನಲ್ಲಿ ಬಂಡೆ ಕೊರೆಯುತ್ತಿದ್ದ ಜನ ಹೊರಬಂದು ಏನು ಆಡುತ್ತಿದ್ದರು? ಸಾರಾಯಿ ಅಂಗಡಿ, ಜೂಜು, ಸೂಳೆಗೇರಿಗಳು ಎಲ್ಲ ಗಣಿಯೂರುಗಳಲ್ಲಿದ್ದಂತೆ ಇಲ್ಲೂ ಇದ್ದವು. ಸಿನಿಮಾಗಳು ತೋರಿಸುವುದು ಇಷ್ಟನ್ನೇ. ಆದರೆ ಬೇಸ್‌ಬಾಲ್ ತಂಡಗಳಿದ್ದವು, ವಾದ್ಯವೃಂದಗಳಿದ್ದವು, ಕುದುರೆ ಪಂದ್ಯವಿತ್ತು. ಎಲ್ಲಕ್ಕಿಂತ ಜನ ಕಿಕ್ಕಿರಿದು ನೋಡುತ್ತಿದ್ದ ಆಟಗಳು ಅವರ ದುಡಿಮೆಯಿಂದಲೇ ಹುಟ್ಟಿದವು.

ಅವುಗಳಲ್ಲಿ ಒಂದು ಬಂಡೆ ಕೊರೆಯುವ ಪಂದ್ಯ. ಜುಲೈ 4, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನ, ಅದಕ್ಕೆ ಮುಹೂರ್ತ. ಬೀದಿಯ ನಡುವೆ ದೊಡ್ಡ ಗ್ರಾನೈಟ್ ಬಂಡೆ ತಂದಿಡುವರು. ಇಬ್ಬರ ಜೋಡಿ. ಒಬ್ಬ ಉಕ್ಕಿನ ಉಳಿ ಹಿಡಿದು ಪ್ರತಿ ಏಟಿಗೂ ತುಸು ತಿರುಗಿಸಬೇಕು. ಇನ್ನೊಬ್ಬ ದೊಡ್ಡ ಸುತ್ತಿಗೆಯಿಂದ ಬಡಿಯಬೇಕು. ಕೈ ಸೋತಾಗ ಏಟಿನ ಲಯ ತಪ್ಪದಂತೆ ಇಬ್ಬರೂ ಜಾಗ ಬದಲಿಸಬೇಕು. ಹದಿನೈದು ನಿಮಿಷ. ಕೊನೆಗೆ ತೂತಿನ ಆಳವನ್ನು ಅಂಗುಲ ಲೆಕ್ಕದಲ್ಲಿ ಅಳೆಯುವರು. ಒಂದು ಏಟು ಗುರಿ ತಪ್ಪಿದರೆ ಉಳಿ ಹಿಡಿದವನ ಕೈ ಪುಡಿಯಾಗುತ್ತಿತ್ತು. ಗಣಿಯೊಳಗೆ ಯಾರೂ ಕಾಣದ ಕಸುಬು ಅಂದು ಹಾಡುಹಗಲಲ್ಲಿ ಚಪ್ಪಾಳೆ ಗಿಟ್ಟಿಸುತ್ತಿತ್ತು.

ಇನ್ನೊಂದು ಬೆಂಕಿ ಆರಿಸುವವರ ಓಟ. ಮರದ ಮನೆಗಳ ಊರು, ಬೆಂಕಿಯ ಭಯ ಸದಾ. ಸ್ವಯಂಸೇವಕರ ದಳಗಳು ನೀರಿನ ಕೊಳವೆ ಸುತ್ತಿದ ಗಾಡಿಯನ್ನು ಎಳೆದುಕೊಂಡು ಓಡಿ, ಕೊಳವೆ ಬಿಚ್ಚಿ, ನಲ್ಲಿಗೆ ಜೋಡಿಸಿ, ಯಾರು ಮೊದಲು ನೀರು ಚಿಮ್ಮಿಸುತ್ತಾರೆ ಎಂದು ಪಣ ಕಟ್ಟಿ ಸ್ಪರ್ಧಿಸುತ್ತಿದ್ದವು. ಬೇರೆ ಬೇರೆ ಊರಿನ ತಂಡಗಳ ನಡುವೆ ಹಗೆತನದವರೆಗೂ ಹೋಗುತ್ತಿದ್ದ ಆಟವಿದು.

ಸಿರಿವಂತರ ವಿನೋದ ಬೇರೆ ಬಗೆಯದು. ನ್ಯೂಯಾರ್ಕಿನ ಹೆಸರಾಂತ ಮೇಸೀಸ್ ಮಳಿಗೆಯ ಪಾಲುದಾರ ಜೆರೋಮ್ ವೀಲರ್ ಇಲ್ಲಿ ಗಣಿಗಳ ಮೇಲೆ ಹಣ ಹೂಡಿದ್ದ. 1889ರಲ್ಲಿ ಅವನು ಊರಿಗೆ ಎರಡು ದೊಡ್ಡ ಕಟ್ಟಡಗಳನ್ನು ಕೊಟ್ಟ. ಒಂದು ತನ್ನ ಹೆಸರಿನ ಹೋಟೆಲ್ ಜೆರೋಮ್. ಇನ್ನೊಂದು ವೀಲರ್ ಆಪೆರಾ ಹೌಸ್ ಎಂಬ ರಂಗಮಂದಿರ. ರಂಗಮಂದಿರದ ಕೆಳಗಿನ ಅಂತಸ್ತಿನಲ್ಲಿ ಅವನದೇ ಬ್ಯಾಂಕು, ಮೇಲಿನ ಅಂತಸ್ತಿನಲ್ಲಿ ನಾಟಕ, ಸಂಗೀತ. ಹಣದ ಮೇಲೆ ಕಲೆ ನಿಂತಿತ್ತು ಎಂದರೆ ಇಲ್ಲಿ ಬರಿಯ ಮಾತಲ್ಲ, ಕಟ್ಟಡದ ನಕ್ಷೆಯೇ ಹಾಗಿತ್ತು.

ಟಂಕಸಾಲೆ ಬಾಗಿಲು ಹಾಕಿದ ದಿನ

ಈ ವೈಭವ ನಿಂತದ್ದು ಬೆಳ್ಳಿಯ ಬೆಲೆಯ ಮೇಲೆ. ಬೆಳ್ಳಿಗೆ ಆಗ ದೊಡ್ಡ ಗಿರಾಕಿಗಳು ಇಬ್ಬರು. ಒಬ್ಬ ಅಮೆರಿಕದ ಸರ್ಕಾರ. 1890ರ ಶರ್ಮನ್ ಕಾಯ್ದೆಯ ಪ್ರಕಾರ ಅದು ತಿಂಗಳಿಗೆ 45 ಲಕ್ಷ ಔನ್ಸ್ ಬೆಳ್ಳಿ ಕೊಳ್ಳುತ್ತಿತ್ತು. ಇನ್ನೊಬ್ಬ ಗಿರಾಕಿ ಭಾರತ.

ಅಂದಿನ ರೂಪಾಯಿ ಒಂದು ತೊಲ ತೂಕದ ಬೆಳ್ಳಿಯ ನಾಣ್ಯ. ಯಾರು ಬೇಕಾದರೂ ಬೆಳ್ಳಿಯ ಗಟ್ಟಿ ಹಿಡಿದು ಕಲ್ಕತ್ತ ಅಥವಾ ಬೊಂಬಾಯಿಯ ಟಂಕಸಾಲೆಗೆ ಹೋದರೆ, ಖರ್ಚು ಕಳೆದು ರೂಪಾಯಿ ಅಚ್ಚುಹಾಕಿ ಕೊಡುತ್ತಿದ್ದರು. ಹೀಗಾಗಿ ಜಗತ್ತಿನ ಬೆಳ್ಳಿ ಭಾರತದತ್ತ ಹರಿಯುತ್ತಿತ್ತು. ಆದರೆ ಬೆಳ್ಳಿ ಹೆಚ್ಚಾದಂತೆ ಅದರ ಬೆಲೆ ಇಳಿಯಿತು, ಅದರೊಂದಿಗೆ ರೂಪಾಯಿಯ ಬೆಲೆಯೂ ಇಳಿಯಿತು. ಒಂದು ಕಾಲಕ್ಕೆ ಸುಮಾರು ಎರಡು ಶಿಲಿಂಗ್ ಇದ್ದ ರೂಪಾಯಿ ಒಂದೂಕಾಲು ಶಿಲಿಂಗಿನ ಆಸುಪಾಸಿಗೆ ಬಂತು. ಬ್ರಿಟಿಷ್ ಭಾರತ ಸರ್ಕಾರ ಪಿಂಚಣಿ, ಬಡ್ಡಿ ಎಂದು ಪ್ರತಿವರ್ಷ ಲಂಡನ್ನಿಗೆ ಕಟ್ಟಬೇಕಾಗಿದ್ದುದು ಚಿನ್ನದ ಲೆಕ್ಕದಲ್ಲಿ. ವಸೂಲಾಗುತ್ತಿದ್ದ ಕಂದಾಯ ಬೆಳ್ಳಿಯ ರೂಪಾಯಿಯಲ್ಲಿ. ಈ ತಾಪತ್ರಯ ತಾಳಲಾರದೆ 1893ರ ಜೂನ್ 26ರಂದು ಸಿಮ್ಲಾದಲ್ಲಿ ಸೇರಿದ ಶಾಸನಸಭೆ, ಜನರು ತರುವ ಬೆಳ್ಳಿಗೆ ಟಂಕಸಾಲೆಯ ಬಾಗಿಲನ್ನು ಮುಚ್ಚಿತು.

ತಂತಿ ಸುದ್ದಿ ಅಮೆರಿಕಕ್ಕೆ ತಲುಪಿತು. ಔನ್ಸಿಗೆ 83 ಸೆಂಟ್ ಇದ್ದ ಬೆಳ್ಳಿ ಕೆಲವೇ ದಿನಗಳಲ್ಲಿ 62ರ ಸುಮಾರಿಗೆ ಬಿತ್ತು. ಆ ವಾರದಲ್ಲೇ ಕೊಲರಾಡೊದ ಗಣಿ ಮಾಲೀಕರು ಕೆಲಸ ನಿಲ್ಲಿಸಿದರು. ಆ ವರ್ಷ ಅಮೆರಿಕದಲ್ಲಿ ಬ್ಯಾಂಕುಗಳ ಕುಸಿತವೂ ಶುರುವಾಗಿತ್ತು. ವೀಲರನ ಬ್ಯಾಂಕು ಬಾಗಿಲು ಹಾಕಿತು. ನವೆಂಬರ್ 1ರಂದು ಅಮೆರಿಕ ಶರ್ಮನ್ ಕಾಯ್ದೆಯನ್ನೂ ರದ್ದುಮಾಡಿತು. ಇಬ್ಬರು ಗಿರಾಕಿಗಳೂ ಒಂದೇ ವರ್ಷದಲ್ಲಿ ಕೈಬಿಟ್ಟರು. ಆಗ ಕೊಲರಾಡೊದ ರಾಜ್ಯಪಾಲನಾಗಿದ್ದವನು ಡೇವಿಸ್ ವೇಟ್, ಆಸ್ಪೆನ್‌ನಲ್ಲಿ ಪತ್ರಿಕೆ ನಡೆಸಿದ್ದವನು. ಬೆಳ್ಳಿಯ ಪರವಾಗಿ ಅವನು ಗುಡುಗಿದ್ದರಿಂದ ಏನೂ ಆಗಲಿಲ್ಲ.

ವಿಧಿಯ ಅಣಕ ನೋಡಿ. ಮರುವರ್ಷ, 1894ರಲ್ಲಿ, ಆಸ್ಪೆನ್‌ನ ಸ್ಮಗ್ಲರ್ ಗಣಿಯಲ್ಲಿ ಅಪ್ಪಟ ಬೆಳ್ಳಿಗೆ ಹತ್ತಿರದ ಭಾರೀ ಗಟ್ಟಿಯೊಂದು ಸಿಕ್ಕಿತು. ತೂಕ ಸುಮಾರು 835 ಕಿಲೋ. ಜಗತ್ತಿನಲ್ಲಿ ಸಿಕ್ಕ ಅತಿ ದೊಡ್ಡ ಬೆಳ್ಳಿಗಟ್ಟಿಗಳಲ್ಲಿ ಅದೂ ಒಂದು. ಆದರೆ ಆ ಹೊತ್ತಿಗೆ ಬೆಳ್ಳಿಗೆ ಮೊದಲಿನ ಬೆಲೆಯೇ ಇರಲಿಲ್ಲ.

ಮನೆ ಮುರಿದು ಸ್ಕೀ ಮಾಡಿದವರು

ಗಣಿಗಳು ಒಂದೇ ದಿನಕ್ಕೆ ಸಾಯಲಿಲ್ಲ. ಕೆಲವು ಕಡಿಮೆ ಕೂಲಿಗೆ ಮತ್ತೆ ತೆರೆದು ವರ್ಷಗಟ್ಟಲೆ ಕುಂಟುತ್ತ ನಡೆದವು. ಈ ಇಳಿಗಾಲದಲ್ಲೇ ಮುಂದಿನ ಆಸ್ಪೆನ್‌ನ ಬೀಜದಂತಿರುವ ಘಟನೆಯೊಂದು ನಡೆಯಿತು.

ಆಸ್ಪೆನ್‌ನಿಂದ ಪೂರ್ವಕ್ಕೆ, ಕಣಿವೆದಾರಿಯ ಹತ್ತಿರ, ಇಂಡಿಪೆಂಡೆನ್ಸ್ ಎಂಬ ಚಿನ್ನದ ಗಣಿಯ ಪುಟ್ಟ ಊರಿತ್ತು. 1899ರ ಚಳಿಗಾಲದಲ್ಲಿ ಹಿಮ ಬಿದ್ದದ್ದು ಬಿದ್ದಂತೆಯೇ ಇತ್ತು. ದಾರಿ ಮುಚ್ಚಿತು. ದಿನಸಿ ಬರುವುದು ನಿಂತಿತು. ಊರಲ್ಲಿ ಉಳಿದಿದ್ದ ಬೆರಳೆಣಿಕೆಯ ಜನ ತಮ್ಮ ಮನೆಗಳ ಹಲಗೆ ಕಿತ್ತು ಸ್ಕೀ ಮಾಡಿಕೊಂಡರು. ಸ್ಕೀ ಎಂದರೆ ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಉದ್ದನೆಯ ಪಟ್ಟಿ. ನಾರ್ವೆ, ಸ್ವೀಡನ್ನಿನಿಂದ ಬಂದ ಗಣಿ ಕೆಲಸಗಾರರು ಅದನ್ನು ಕೊಲರಾಡೊಗೆ ತಂದಿದ್ದರು. ಟಪಾಲು ಹೊರುವವರು, ಹಿಮ ಕಟ್ಟಿದಾಗ ಗಣಿಗೆ ಹೋಗುವವರು ಒಂದೇ ಉದ್ದ ಕೋಲು ಹಿಡಿದು ಅದರ ಮೇಲೆ ಓಡಾಡುತ್ತಿದ್ದರು. ಅದು ಅಲ್ಲಿಯವರೆಗೆ ಬಹುತೇಕ ಹೊಟ್ಟೆಪಾಡಿನ ಸಾಧನ.

ಊರಿಗೆ ಊರೇ ಹಾಗೆ ಆಸ್ಪೆನ್ ಕಡೆಗೆ ಇಳಿಯಿತು. ಹಸಿದು ಊರು ಬಿಡುತ್ತಿದ್ದ ಆ ಜನ ತಮ್ಮ ಪಲಾಯನವನ್ನು ಪಂದ್ಯವೆಂದು ಸಾರಿದರು ಎಂದು ಆಸ್ಪೆನ್‌ನಲ್ಲಿ ಇಂದಿಗೂ ಹೇಳುತ್ತಾರೆ. ಪಂದ್ಯಕ್ಕೆ ಹಾಸ್ಯದ ಹೆಸರು ಇಟ್ಟರಂತೆ. ಪ್ರವೇಶ ಶುಲ್ಕ ಒಂದು ಹಂದಿಮಾಂಸದ ಸ್ಯಾಂಡ್‌ವಿಚ್ ಅಂತೆ. ಸೂರು ಮುರಿದು ಜೀವ ಉಳಿಸಿಕೊಳ್ಳಲು ಹೊರಟವರು ದಾರಿಯಲ್ಲಿ ನಗುವುದನ್ನು ಬಿಡಲಿಲ್ಲ. ಕಷ್ಟವನ್ನೇ ಆಟ ಮಾಡಿಕೊಳ್ಳುವ ಈ ಗುಣಕ್ಕೆ ಯಾವ ಸಾಹುಕಾರನ ಹಣವೂ ಬೇಕಿರಲಿಲ್ಲ.

ಗಣಿಯ ರಾಟೆ, ಕಾರಿನ ಎಂಜಿನ್

1930ರ ಹೊತ್ತಿಗೆ ಆಸ್ಪೆನ್‌ನಲ್ಲಿ ಉಳಿದಿದ್ದವರು ಕೇವಲ 705 ಮಂದಿ. ರಂಗಮಂದಿರ 1912ರಲ್ಲಿ ಬೆಂಕಿಗೆ ಸಿಕ್ಕಿ, ಮೇಲಂತಸ್ತು ಕಪ್ಪುಹಿಡಿದು ನಿಂತಿತ್ತು. ಖಾಲಿ ನಿವೇಶನಗಳು, ಮುರಿದ ಬೇಲಿಗಳು. ಉಳಿದವರು ಆಲೂಗಡ್ಡೆ ಬೆಳೆದು, ದನ ಸಾಕಿ, ಅಷ್ಟಿಷ್ಟು ಗಣಿ ಕೆಲಸ ಮಾಡಿ ದಿನ ನೂಕುತ್ತಿದ್ದರು.

1936ರಲ್ಲಿ ಬಿಲ್ಲಿ ಫಿಸ್ಕ್ ಎಂಬ ಯುವಕ ಈ ಕತೆಯೊಳಗೆ ಬಂದ. ಬಾಬ್‌ಸ್ಲೆಡ್ ಎಂಬ ಹಿಮಗಾಡಿಯ ಓಟದಲ್ಲಿ 1928 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು. ಗಣಿಯ ಹಕ್ಕುಗಳನ್ನು ಮಾರಲು ಹೊರಟಿದ್ದ ಆಸ್ಪೆನ್‌ನ ಒಬ್ಬಾತನ ಬಳಿ ಬೆಟ್ಟಗಳ ಚಿತ್ರ ನೋಡಿದ. ಅವನ ಕಣ್ಣು ಹೋದದ್ದು ನೆಲದೊಳಗಿನ ಬೆಳ್ಳಿಯ ಮೇಲಲ್ಲ, ಮೇಲೆ ಬಿದ್ದಿದ್ದ ಹಿಮದ ಮೇಲೆ. ಜೊತೆಗಾರರೊಂದಿಗೆ ಊರ ಹೊರಗೆ ಒಂದು ವಸತಿಗೃಹ ಕಟ್ಟಿಸಿದ. ಸ್ವಿಟ್ಜರ್ಲೆಂಡಿನ ಪರ್ವತಾರೋಹಿ ಆಂದ್ರೆ ರೋಶ್‌ನನ್ನು ಬೆಟ್ಟಗಳ ಸಮೀಕ್ಷೆಗೆ ಕರೆಸಿದ. ಫಿಸ್ಕ್‌ನ ದೊಡ್ಡ ಯೋಜನೆ ಕೈಗೂಡಲಿಲ್ಲ. ಎರಡನೆಯ ಮಹಾಯುದ್ಧ ಬಂತು. ಬ್ರಿಟಿಷ್ ವಾಯುಪಡೆ ಸೇರಿದ ಅವನು 1940ರ ಆಗಸ್ಟ್‌ನಲ್ಲಿ, ಇನ್ನೂ ಮೂವತ್ತು ತುಂಬದೆ, ಗಾಯಗೊಂಡು ತೀರಿಕೊಂಡ.

ಆದರೆ ರೋಶ್ ಊರಿನವರಿಗೆ ಸ್ಕೀ ಕಲಿಸಿಹೋಗಿದ್ದ. ಊರಿನವರದೇ ಒಂದು ಕ್ಲಬ್ಬು ಹುಟ್ಟಿತ್ತು. ಊರಿನ ಬೆನ್ನಿಗೇ ಇರುವ ಆಸ್ಪೆನ್ ಬೆಟ್ಟದಲ್ಲಿ ರೋಶ್ ಗುರುತು ಹಾಕಿಕೊಟ್ಟ ಜಾಡಿನಲ್ಲಿ ಅವರೇ ಮರ ಕಡಿದು ಜಾರುದಾರಿ ಮಾಡಿದರು. ಮೇಲಕ್ಕೆ ಹೋಗುವುದು ಹೇಗೆ? ಗಣಿಯಲ್ಲಿ ಅದಿರು ಎತ್ತುತ್ತಿದ್ದ ಹಳೆಯ ರಾಟೆ, ಹಳೆಯ ಕಾರಿನ ಎಂಜಿನ್, ಒಂದಷ್ಟು ಉಕ್ಕಿನ ಹಗ್ಗ ಸೇರಿಸಿ, ದೋಣಿಯ ಆಕಾರದ ಎರಡು ಹಿಮಗಾಡಿಗಳನ್ನು ಎಳೆಯುವ ಏರ್ಪಾಡು ಮಾಡಿದರು. ಅದಕ್ಕೆ ‘ಬೋಟ್ ಟೋ’ ಎಂದೇ ಹೆಸರಾಯಿತು. ಇನ್ನೂ ಮೇಲೆ, ಬೆಟ್ಟದ ಹಿಂಬದಿಯಿಂದ ಏರಬೇಕೆನ್ನುವವರು ಮಿಡ್‌ನೈಟ್ ಗಣಿಗೆ ಕೆಲಸಗಾರರನ್ನು ಒಯ್ಯುವ ಲಾರಿ ಹತ್ತುತ್ತಿದ್ದರು.

ಬಂಡೆ ಕೊರೆಯುವ ಪಂದ್ಯದಲ್ಲಿದ್ದ ಗುಣವೇ ಇಲ್ಲೂ ಇದೆ. ದುಡಿಮೆಯ ಸಾಮಗ್ರಿ, ಊರಿನವರ ಕೈ, ಊರಿನವರ ಖುಷಿ. 1941ರಲ್ಲಿ ಅಮೆರಿಕದ ರಾಷ್ಟ್ರೀಯ ಸ್ಕೀ ಸ್ಪರ್ಧೆ ಈ ಬೆಟ್ಟದ ಮೇಲೆ ನಡೆಯಿತು. ಕೆಲವೇ ನೂರು ಜನರ ಊರಿಗೆ ಅದು ಸಣ್ಣ ಹೆಮ್ಮೆಯಲ್ಲ.

ಶಿಕಾಗೋದಿಂದ ಬಂದ ಸಾಹುಕಾರ

ಯುದ್ಧದ ಕಾಲದಲ್ಲಿ ಲೆಡ್‌ವಿಲ್ ಬಳಿಯ ಕ್ಯಾಂಪ್ ಹೇಲ್‌ನಲ್ಲಿ ಅಮೆರಿಕದ ಪರ್ವತ ಸೈನ್ಯ ತರಬೇತಿ ಪಡೆಯುತ್ತಿತ್ತು. ಅದರಲ್ಲಿ ಆಸ್ಟ್ರಿಯಾದಿಂದ ವಲಸೆ ಬಂದಿದ್ದ ಸ್ಕೀ ಶಿಕ್ಷಕ ಫ್ರೀಡ್ಲ್ ಫೈಫರ್ ಇದ್ದ. 1943ರಲ್ಲಿ ಆಸ್ಪೆನ್ ಕಂಡಾಗ ಅವನಿಗೆ ತನ್ನ ಹುಟ್ಟೂರು ನೆನಪಾಯಿತು. ಇಟಲಿಯ ರಣರಂಗದಲ್ಲಿ ತೀವ್ರವಾಗಿ ಗಾಯಗೊಂಡು ಬದುಕುಳಿದ ಅವನು ಯುದ್ಧದ ನಂತರ ಇಲ್ಲಿಗೇ ಬಂದ. ಬೆಟ್ಟದ ಮೇಲೆ ಸ್ಕೀ ಶಾಲೆ, ಲಿಫ್ಟು ಎಂಬ ಕನಸು ಅವನದು. ಹಣ ಇರಲಿಲ್ಲ.

ಹಣ ಇದ್ದವನು ವಾಲ್ಟರ್ ಪೆಪ್ಕೆ. ಶಿಕಾಗೋದ ರಟ್ಟಿನ ಪೆಟ್ಟಿಗೆಯ ದೊಡ್ಡ ಉದ್ಯಮಿ. ಅವನ ಹೆಂಡತಿ ಎಲಿಜಬೆತ್ 1939ರಲ್ಲೇ ಇಲ್ಲಿ ಸ್ಕೀ ಆಡಿ, ಊರಿಗೆ ಮನಸೋತಿದ್ದರು. 1945ರಲ್ಲಿ ಗಂಡನನ್ನು ಕರೆತಂದರು. ಪೆಪ್ಕೆಗೆ ಸ್ಕೀಗಿಂತ ಬೇರೆಯದೇ ಹಂಬಲ. ದೇಹ, ಮನಸ್ಸು, ಆತ್ಮ ಮೂರಕ್ಕೂ ವಿಶ್ರಾಂತಿ ಸಿಗುವ ಊರು ಕಟ್ಟಬೇಕು ಎಂಬುದು. ಅಗ್ಗವಾಗಿ ಬಿದ್ದಿದ್ದ ಮನೆ, ನಿವೇಶನಗಳನ್ನು ಕೊಂಡ. ಹೋಟೆಲ್ ಜೆರೋಮನ್ನು ಗುತ್ತಿಗೆ ಹಿಡಿದ. 1946ರಲ್ಲಿ ಸ್ಕೀ ಕಂಪೆನಿ ಹುಟ್ಟಿತು. 1947ರ ಜನವರಿಯಲ್ಲಿ ವಿಧ್ಯುಕ್ತವಾಗಿ ಆರಂಭವಾದ ಅದರ ಕುರ್ಚಿ ಲಿಫ್ಟು ಆಗ ಜಗತ್ತಿನಲ್ಲೇ ಅತಿ ಉದ್ದವಾದದ್ದು. ಒಂದು ಕುರ್ಚಿಗೆ ಒಬ್ಬರು. ಅರ್ಧ ಶತಮಾನದ ಹಿಂದೆ ಅದೇ ಬೆಟ್ಟದಲ್ಲಿ ಉಕ್ಕಿನ ಹಗ್ಗಕ್ಕೆ ತೂಗಿದ ತೊಟ್ಟಿಗಳಲ್ಲಿ ಅದಿರು ಕೆಳಗಿಳಿಯುತ್ತಿತ್ತು. ಈಗ ಅದೇ ಬಗೆಯ ಹಗ್ಗದಲ್ಲಿ ಜನ ಮೇಲೇರತೊಡಗಿದರು.

1949ರಲ್ಲಿ ಜರ್ಮನ್ ಕವಿ ಗಯಟೆಯ ಇನ್ನೂರನೆಯ ಹುಟ್ಟುಹಬ್ಬವನ್ನು ಪೆಪ್ಕೆ ಆಸ್ಪೆನ್‌ನಲ್ಲಿ ಆಚರಿಸಿದ. ಕಾಳಿದಾಸನ ಶಾಕುಂತಲವನ್ನು ಓದಿ ಹಿಗ್ಗಿದ ಗಯಟೆ ಕನ್ನಡಿಗರಿಗೂ ಗೊತ್ತಿರುವವನೇ. ಆಫ್ರಿಕದಲ್ಲಿ ವೈದ್ಯಸೇವೆ ಮಾಡುತ್ತಿದ್ದ ಆಲ್ಬರ್ಟ್ ಶ್ವೈಟ್ಜರ್ ಇದಕ್ಕಾಗಿ ಬಂದರು. ಅವರು ಅಮೆರಿಕಕ್ಕೆ ಕಾಲಿಟ್ಟದ್ದು ಅದೊಂದೇ ಸಲ. ಸ್ಪೇನಿನ ತತ್ವಜ್ಞಾನಿ ಒರ್ಟೆಗಾ ಇ ಗಾಸೆಟ್, ಪಿಯಾನೊ ವಾದಕ ಆರ್ಥರ್ ರೂಬಿನ್‌ಸ್ಟೈನ್ ಬಂದರು. ಹುಲ್ಲುಗಾವಲಿನಲ್ಲಿ ಭಾರೀ ಡೇರೆ ಎದ್ದಿತು. ಆ ಬೇಸಿಗೆಯಿಂದಲೇ ಆಸ್ಪೆನ್ ಸಂಗೀತೋತ್ಸವ ಮತ್ತು ಆಸ್ಪೆನ್ ಇನ್‌ಸ್ಟಿಟ್ಯೂಟ್ ಎಂಬ ಚಿಂತನ ಸಂಸ್ಥೆ ಬೆಳೆದವು. 1950ರಲ್ಲಿ ವಿಶ್ವ ಸ್ಕೀ ಚಾಂಪಿಯನ್‌ಷಿಪ್ಪೂ ಇಲ್ಲಿ ನಡೆಯಿತು.

ಎಲ್ಲವೂ ಒಳ್ಳೆಯದೇ. ಆದರೂ ಊರಿನವರು ಪೂರ್ತಿ ಒಪ್ಪಲಿಲ್ಲ. ಅದನ್ನು ತೋರಿಸುವ ಸಣ್ಣ ಪ್ರಸಂಗವೊಂದಿದೆ. ಪಾಳುಬಿದ್ದಂತಿದ್ದ ಮನೆಗಳಿಗೆಲ್ಲ ಬಣ್ಣವನ್ನು ಪುಕ್ಕಟೆ ಕೊಡುತ್ತೇನೆ ಎಂದ ಪೆಪ್ಕೆ. ಷರತ್ತು ಒಂದೇ. ಯಾವ ಮನೆಗೆ ಯಾವ ಬಣ್ಣ ಎಂಬುದನ್ನು ತಾನು ಕರೆಸಿದ್ದ ಪ್ರಸಿದ್ಧ ವಿನ್ಯಾಸಕಾರ ಹರ್ಬರ್ಟ್ ಬೇಯರ್ ಹೇಳಬೇಕು. ಬಡವರ ಊರು, ಬಿಟ್ಟಿ ಬಣ್ಣ. ಆದರೂ ಬಹಳ ಮಂದಿ ಬೇಡವೆಂದರು. ಬಣ್ಣ ಮಾಸಿದ್ದರೂ ಸರಿಯೆ, ಮನೆ ತಮ್ಮದು ಎಂಬುದು ಅವರ ನಿಲುವು.

ಆಟವೇ ಗಣಿಯಾದಾಗ

ಮುಂದಿನದು ಏರುಗಾಲದ ಕತೆ. 1958ರಲ್ಲಿ ಬಟರ್‌ಮಿಲ್ಕ್ ಮತ್ತು ಆಸ್ಪೆನ್ ಹೈಲ್ಯಾಂಡ್ಸ್, 1967ರಲ್ಲಿ ಸ್ನೋಮಾಸ್ ಎಂಬ ಹೊಸ ಸ್ಕೀ ಬೆಟ್ಟಗಳು ತೆರೆದವು. ಜೆಟ್ ವಿಮಾನಗಳ ಕಾಲ ಬಂತು, ಸಿನಿಮಾ ತಾರೆಯರು ಬಂದರು. ಹಿಂದೆ ಊರಿನ ಮಕ್ಕಳು ಮನೆಬಾಗಿಲಿಂದ ಜಾರುತ್ತಿದ್ದ ಬೆಟ್ಟದಲ್ಲಿ ಈಗ ಜನ ಹೆಚ್ಚಿರುವ ದಿನಗಳಲ್ಲಿ ಒಂದು ದಿನದ ಟಿಕೆಟ್ಟಿಗೆ 200 ಡಾಲರಿಗೂ ಹೆಚ್ಚು ತೆರಬೇಕು.

ಆಟ ಇಷ್ಟು ಬೆಲೆಬಾಳಿದ ಮೇಲೆ ಆಟದ ನೆಲದ ಬೆಲೆಯೂ ಏರಲೇಬೇಕು. ಊರು ಮಾರಿಹೋಗುತ್ತಿದೆ ಎಂಬ ಕೂಗು 1960ರ ದಶಕದ ಕೊನೆಗೇ ಎದ್ದಿತ್ತು. 1970ರಲ್ಲಿ ಹಂಟರ್ ಥಾಂಪ್ಸನ್ ಎಂಬ ಪತ್ರಕರ್ತ ಪೊಲೀಸ್ ಮುಖ್ಯಸ್ಥನ ಹುದ್ದೆಯಾದ ಷೆರಿಫ್ ಸ್ಥಾನಕ್ಕೆ ಚುನಾವಣೆಗೆ ನಿಂತ. ಡಾಂಬರು ರಸ್ತೆ ಅಗೆದು ಹುಲ್ಲು ನೆಡೋಣ, ಊರಿನ ಹೆಸರನ್ನು ‘ಫ್ಯಾಟ್ ಸಿಟಿ’ ಎಂದು ಬದಲಿಸೋಣ, ಆಗ ಜಮೀನು ವ್ಯಾಪಾರಿಗಳು ಇತ್ತ ತಲೆಹಾಕುವುದಿಲ್ಲ ಎಂಬುದು ಅವನ ಪ್ರಣಾಳಿಕೆ. ತಮಾಷೆಯಂತೆ ಕಾಣುವ ಮಾತು. ಆದರೆ ಅವನು ಸೋತದ್ದು ದೊಡ್ಡ ಅಂತರದಿಂದಲ್ಲ.

ಊರು ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. 1979ರಲ್ಲಿ ಜನ ಮತ ಹಾಕಿ ಆಸ್ತಿ ಮಾರಾಟದ ಮೇಲೆ ತಾವೇ ಒಂದು ತೆರಿಗೆ ಹೇರಿಕೊಂಡರು. ಆ ಹಣದಿಂದ ಸುಟ್ಟಿದ್ದ ವೀಲರ್ ರಂಗಮಂದಿರ ಪೂರ್ತಿ ಜೀರ್ಣೋದ್ಧಾರಗೊಂಡು 1984ರಲ್ಲಿ ಮತ್ತೆ ತೆರೆಯಿತು. ದುಡಿಯುವವರಿಗೆ ಕೈಗೆಟಕುವ ಮನೆ ಒದಗಿಸಲು ಊರೂ ಜಿಲ್ಲೆಯೂ ಸೇರಿ ಒಂದು ಪ್ರಾಧಿಕಾರ ರಚಿಸಿದವು. ಅದರ ಹತೋಟಿಯಲ್ಲಿ ಇಂದು ಸುಮಾರು 3,000 ಮನೆಗಳಿವೆ. ಅವನ್ನು ಮಾರುಕಟ್ಟೆ ಬೆಲೆಗೆ ಮಾರುವಂತಿಲ್ಲ. ಒಂದು ಮನೆಗೆ ಹಲವರು ಅರ್ಜಿ ಹಾಕಿದಾಗ ಚೀಟಿ ಎತ್ತಿ ಹಂಚುತ್ತಾರೆ. 2020ರ ಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 7,000. ಅದರ ಪಕ್ಕದಲ್ಲಿಟ್ಟು ನೋಡಿದರೆ ಇದು ಸಣ್ಣ ಪ್ರಯತ್ನವಲ್ಲ.

ಆದರೂ ಸಾಲದು. ಲಿಫ್ಟು ನಡೆಸುವವರು, ಹೋಟೆಲಿನಲ್ಲಿ ಹಾಸಿಗೆ ಮಡಿಸುವವರು, ಅಡುಗೆಯವರು, ಬಡಗಿಗಳು, ಮಾಸ್ತರರು, ಇವರಲ್ಲಿ ಬಹಳ ಮಂದಿ ಕಣಿವೆಯ ಕೆಳಗಿನ ಊರುಗಳಲ್ಲಿ ಇರುತ್ತಾರೆ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದವರು ಅವರಲ್ಲಿ ಅನೇಕ. ಗ್ಲೆನ್‌ವುಡ್ ಸ್ಪ್ರಿಂಗ್ಸ್ ಸುಮಾರು 65 ಕಿಲೋಮೀಟರ್ ದೂರ. ಕೆಲವರು ಅದಕ್ಕೂ ಆಚೆಯಿಂದ ಬರುತ್ತಾರೆ. ಬೆಳಗಿನ ಕತ್ತಲಲ್ಲಿ ವಾಹನಗಳ ಸಾಲು ಮೇಲಕ್ಕೆ, ಸಂಜೆ ಅದೇ ಸಾಲು ಕೆಳಕ್ಕೆ. ಈ ಜನಕ್ಕಾಗಿಯೇ 2013ರಲ್ಲಿ ವೇಗದ ಬಸ್ ಸೇವೆಯನ್ನು ಶುರುಮಾಡಬೇಕಾಯಿತು. ಗ್ರಾಮೀಣ ಅಮೆರಿಕದಲ್ಲಿ ಅಂಥ ಸೇವೆ ಅದೇ ಮೊದಲನೆಯದು.

ಗಣಿಯ ಕಾಲದಲ್ಲಿ ದುಡಿಮೆ ಮುಗಿಸಿದವನು ಅದೇ ಬೀದಿಗೆ ಬಂದು ಆಡುತ್ತಿದ್ದ, ಅಥವಾ ಆಡುವವರನ್ನು ನೋಡುತ್ತಿದ್ದ. ಅವನ ಬದುಕು ಸುಖದ್ದಾಗಿರಲಿಲ್ಲ. ಅವನ ಶ್ವಾಸಕೋಶದಲ್ಲಿ ಕಲ್ಲಿನ ಧೂಳಿತ್ತು, ಬೆಳ್ಳಿಯ ಲಾಭ ವೀಲರನಂಥವರ ಪಾಲಾಗುತ್ತಿತ್ತು. ಆದರೂ ಸಂಜೆ ಅವನದಾಗಿತ್ತು. ಇಂದು ಆಟವೇ ಅದಿರು. ಅದನ್ನು ಅಗೆದು ಕೊಡುವವನು ಸಂಜೆಯಾಗುತ್ತಲೇ ಊರು ಬಿಟ್ಟು ಬಸ್ಸು ಹಿಡಿಯಬೇಕು.

ಕೋಲಾರದ ಕಡೆ ಒಂದು ನೋಟ

ಇದೆಲ್ಲ ದೂರದ ದೇಶದ ಸಂಗತಿ ಎಂದು ತಳ್ಳಿಹಾಕುವ ಮುನ್ನ 1893ಕ್ಕೆ ಒಂದು ಸಲ ಮರಳೋಣ. ಬೆಳ್ಳಿಯನ್ನು ಬಿಟ್ಟು ಚಿನ್ನದ ಕಡೆಗೆ ಜಗತ್ತು ಹೊರಳಿದ ಆ ಗಾಳಿ ಆಸ್ಪೆನ್ನನ್ನು ಕೆಡವಿತು. ಅದೇ ಗಾಳಿಗೆ ಹಾಯಿ ಬಿಚ್ಚಿದ್ದು ನಮ್ಮ ಕೋಲಾರದ ಚಿನ್ನದ ಗಣಿ. ಅಲ್ಲಿನ ಚಿನ್ನ ಹಡಗೇರಿ ಲಂಡನ್ನಿಗೆ ಹೋಗುತ್ತಿತ್ತು. ಗಣಿಗಾಗಿ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂತು. ಯುರೋಪಿಯನ್ ಅಧಿಕಾರಿಗಳಿಗೆ ಕ್ಲಬ್ಬು, ಗಾಲ್ಫ್ ಮೈದಾನ ಎದ್ದವು. ಕೂಲಿಕಾರರ ಕೇರಿಗಳ ಬದುಕೇ ಬೇರೆ ಇತ್ತು.

ಆ ಗಣಿಯೂ 2001ರ ಫೆಬ್ರವರಿ 28ರಂದು ಮುಚ್ಚಿತು. ಅಂದಿನಿಂದ ಕೆಜಿಎಫ್‌ನ ಸಾವಿರಾರು ಜನ ಬೆಳಗಿನ ಕತ್ತಲಲ್ಲೇ ರೈಲು ಹತ್ತಿ, ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ದುಡಿಯಲು ಬಂದು, ರಾತ್ರಿ ಮನೆ ಸೇರುತ್ತಿದ್ದಾರೆ. ಅವರಿಗೆ ಊರಲ್ಲಿ ಮನೆ ಇದೆ, ಕೆಲಸ ಇಲ್ಲ. ಆಸ್ಪೆನ್‌ನ ಕೆಲಸಗಾರನಿಗೆ ಊರಲ್ಲಿ ಕೆಲಸ ಇದೆ, ಮನೆ ಇಲ್ಲ. ಬಿದ್ದ ಗಣಿಯೂರಿಗೂ ಎದ್ದ ಗಣಿಯೂರಿಗೂ ನಡುವೆ ಇರುವ ಈ ಸಾಮ್ಯ ಯೋಚಿಸತಕ್ಕದ್ದು.

ಗಣಿ ಮುಚ್ಚಿದ ಊರುಗಳಿಗೆ ಪ್ರವಾಸೋದ್ಯಮವೇ ಮದ್ದು ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಆ ಮಾತನ್ನು ಆಡುವವರು ಆಸ್ಪೆನ್‌ನ ಹೆಸರನ್ನು ಅಭಿಮಾನದಿಂದ ಹೇಳುತ್ತಾರೆ. ಮದ್ದು ಕೆಲಸ ಮಾಡಿದೆ ಎಂಬುದರಲ್ಲಿ ಅನುಮಾನವಿಲ್ಲ. 705 ಜನರ ಊರು ಉಳಿಯಿತು, ಬೆಳೆಯಿತು, ಸಂಗೀತ, ಚಿಂತನೆಗಳ ನೆಲೆಯಾಯಿತು. ಆದರೆ ಅದನ್ನು ಉಳಿಸಿದ್ದು ಮೊದಲು ಸಾಹುಕಾರರ ಹಣವಲ್ಲ. ಮನೆಯ ಹಲಗೆ ಕಿತ್ತು ಸ್ಕೀ ಮಾಡಿದವರು, ಗಣಿಯ ರಾಟೆಗೆ ಕಾರಿನ ಎಂಜಿನ್ ಕಟ್ಟಿದವರು ಆಟವನ್ನು ಜೀವಂತ ಇಟ್ಟಿದ್ದರು. ಹಣ ಬಂದದ್ದು ಆಮೇಲೆ.

ಆದ್ದರಿಂದ ಇಂಥ ಯೋಜನೆ ಎಲ್ಲೇ ಬರಲಿ, ಎಷ್ಟು ಪ್ರವಾಸಿಗರು ಬರುತ್ತಾರೆ ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಕೆಲಸ ಮುಗಿದ ಮೇಲೆ ಅಲ್ಲಿನ ಕೆಲಸಗಾರ ಎಲ್ಲಿಗೆ ಹೋಗುತ್ತಾನೆ? ಅವನ ಮಕ್ಕಳು ಆ ಬೆಟ್ಟದ ಮೇಲೆ ಆಡುತ್ತಾರೆಯೇ? ಕುದುರೆ ಓಟದ ಬಯಲು ಕಳೆದುಕೊಂಡ ಯೂಟರನ್ನು ಆ ಪ್ರಶ್ನೆ ಯಾರೂ ಕೇಳಲಿಲ್ಲ. ಬಿಟ್ಟಿ ಬಣ್ಣ ಬೇಡವೆಂದ ಆಸ್ಪೆನ್‌ನ ಹಳಬರು ಅದನ್ನು ತಮಗೆ ತಾವೇ ಕೇಳಿಕೊಂಡಿದ್ದರು.